ಸತ್ತ ಕಂಬದ ಮೇಲೆ ದಿನಕ್ಕೊಂದು ತಗಡು

ಡೋನ್ಯಾ ರಮೊನಿತಾ ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಅವರೇ ಹೇಳುತ್ತಿದ್ದರು. ಅವರಿಗೆ ಬರುತ್ತಿದ್ದದ್ದು ಅಡುಗೆ. ಇಪ್ಪತ್ತೆಂಟು ವರ್ಷ ನಮ್ಮ ಲೋಮಾ ಆಲ್ತಾ ಗುಡ್ಡದ ಶಾಲೆಯಲ್ಲಿ ದಿನಾ ಮುನ್ನೂರು ಮಕ್ಕಳಿಗೆ ಅನ್ನ, ತೊಗರಿಕಾಳು, ಕೋಳಿ ಬೇಯಿಸಿ ಹಾಕಿದವರು. ಆ ಮುನ್ನೂರರಲ್ಲಿ ನಾನೂ ಒಬ್ಬ. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ನಾವು ತೆಪ್ಪಗೆ ವಾಪಸು ಹೋಗಿ ತಿನ್ನುತ್ತಿದ್ದೆವು.

ನನ್ನ ಹೆಸರು ಮಿಂಗೊ. ಗುಡ್ಡದಿಂದ ಕೆಳಗಿನ ಪೇಟೆಗೆ ಜನರನ್ನು ಕೂರಿಸಿಕೊಂಡು ವ್ಯಾನು ಓಡಿಸುತ್ತೇನೆ. ರಸ್ತೆಯ ಈಚೆ ನಾನು, ನನ್ನ ತಾಯಿ. ಆಚೆ ರಮೊನಿತಾ ಮತ್ತು ಅವರ ಗಂಡ ಡಾನ್ ಗುಮೆರ್ಸಿಂದೊ. ಊರಿಗೆಲ್ಲ ಅವರು ಸಿಂದೊ. ಡೋನ್ಯಾ, ಡಾನ್ ಎಂದರೆ ನಮ್ಮಲ್ಲಿ ಹಿರಿಯರನ್ನು ಅಮ್ಮ, ಅಯ್ಯ ಎಂದು ಕರೆದ ಹಾಗೆ. ತಗಡಿನ ಮಾಡು ಹೊದಿಸುವುದು ಅವರ ಕಸುಬು. ನಮ್ಮ ಗುಡ್ಡದ ಅರ್ಧ ಮನೆಗಳ ಮಾಡು ಅವರ ಕೈಯಿಂದಲೇ ಆದದ್ದು. ಬೆಸುಗೆಯ ಹೊಗೆಯೂ ಸಿಗರೇಟಿನ ಹೊಗೆಯೂ ಸೇರಿ ಅವರ ಶ್ವಾಸಕೋಶವನ್ನು ತಿಂದುಹಾಕಿದ್ದವು. ಕೊನೆಯ ಆರು ವರ್ಷ ಹಾಸಿಗೆಯ ಪಕ್ಕ ಒಂದು ಆಕ್ಸಿಜನ್ ಮಷೀನು, ಅದರಿಂದ ಮೂಗಿಗೆ ಒಂದು ಕೊಳವೆ. ಮಕ್ಕಳಿರಲಿಲ್ಲ. ‘ಮುನ್ನೂರು ಜನ ಇದ್ರಲ್ಲ, ಸಾಲ್ದಾ?’ ಎನ್ನುತ್ತಿದ್ದರು ರಮೊನಿತಾ.

ಎರಡು ಸಾವಿರದ ಹದಿನೇಳರ ಸೆಪ್ಟೆಂಬರಿನಲ್ಲಿ ಚಂಡಮಾರುತ ನಮ್ಮ ಪೋರ್ಟೊರಿಕೊ ದ್ವೀಪವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಗುಡಿಸಿಕೊಂಡು ಹೋಯಿತು. ಗಾಳಿ ನಿಂತ ಮೇಲೆ ನೋಡಿದರೆ ಗುಡ್ಡದಲ್ಲಿ ಒಂದು ಹಸಿರೆಲೆ ಉಳಿದಿರಲಿಲ್ಲ. ಸಿಂದೊ ಹೊದಿಸಿದ ತಗಡುಗಳು ಕಣಿವೆಯ ತುಂಬ ಇಸ್ಪೀಟಿನೆಲೆಗಳ ಹಾಗೆ ಚೆಲ್ಲಾಡಿದ್ದವು. ರಮೊನಿತಾ ಅವರ ಮನೆಯ ಮುಂದಿನ ಮರದ ಕರೆಂಟು ಕಂಬ ಅರ್ಧ ವಾಲಿ, ತಂತಿಗಳನ್ನು ನೆಲಕ್ಕೆ ಬಿಟ್ಟುಕೊಂಡು ನಿಂತಿತ್ತು.

ಕರೆಂಟಿಲ್ಲದೆ ಮಷೀನಿಲ್ಲ. ಶಾಲೆಯ ಹಳೆಯ ಜನರೇಟರೊಂದನ್ನು ಅಲ್ಲಿ ಇಲ್ಲಿ ರಿಪೇರಿ ಮಾಡಿಸಿ ತಂದುಕೊಟ್ಟೆ. ಅದಕ್ಕೆ ಪೆಟ್ರೋಲು ಬೇಕು. ಪೆಟ್ರೋಲಿಗೆ ಕ್ಯೂ. ದಿನ ಬಿಟ್ಟು ದಿನ ನಾನು ಬೆಳಗಾಗುವ ಮೊದಲೇ ಡಬ್ಬ ಹಿಡಿದು ಪೇಟೆಯಲ್ಲಿ ನಿಲ್ಲುತ್ತಿದ್ದೆ. ಹತ್ತೊಂಬತ್ತನೆಯ ದಿನ ಕ್ಯೂ ಹನ್ನೊಂದು ಗಂಟೆ ಹಿಡಿಯಿತು. ಬಿಸಿಲಿಗೆ ಡಬ್ಬದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಅರ್ಧ ಡಬ್ಬ ಹಿಡಿದು ಗುಡ್ಡ ಹತ್ತಿ ಬಂದಾಗ ಸಾಯಂಕಾಲ ನಾಲ್ಕು. ಜನರೇಟರು ಮಧ್ಯಾಹ್ನವೇ ನಿಂತಿತ್ತು. ರಮೊನಿತಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಟ್ಟಿನಿಂದ ಗಾಳಿ ಹಾಕುತ್ತ ಕೂತಿದ್ದರು. ಇನ್ನೂ ಹಾಕುತ್ತಲೇ ಇದ್ದರು.

‘ಇಳಿಸು ಡಬ್ಬ, ಭಾರ ಅಲ್ವಾ,’ ಎಂದರು ನನ್ನನ್ನು ನೋಡಿ.

ಸಮಾಧಿಯಾದ ಮೂರನೆಯ ದಿನ ಸಾವಿನ ಸರ್ಟಿಫಿಕೇಟು ತರಲು ಅವರನ್ನು ಪೇಟೆಯ ನೋಂದಣಿ ಕಚೇರಿಗೆ ಕರೆದುಕೊಂಡು ಹೋದೆ. ಸಾವಿನ ಕಾರಣ ಎನ್ನುವ ಕಡೆ ‘ಸಹಜ’ ಎಂದು ಬರೆದಿತ್ತು. ರಮೊನಿತಾ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

‘ಇದರಲ್ಲಿ ಸಹಜ ಯಾವುದು?’ ಎಂದು ಕೌಂಟರಿನವನನ್ನು ಕೇಳಿದರು.

‘ಅವರಿಗೆ ಶ್ವಾಸಕೋಶದ ಕಾಯಿಲೆ ಇತ್ತಲ್ಲ ಅಮ್ಮ.’

‘ಆರು ವರ್ಷದಿಂದ ಇತ್ತು. ಆರು ವರ್ಷ ಬದುಕಿದ್ರು. ಕರೆಂಟು ಹೋಯ್ತು, ಹತ್ತೊಂಬತ್ತು ದಿನಕ್ಕೆ ಸತ್ರು. ಅದನ್ನ ಬರೀರಿ.’

‘ಅದಕ್ಕೆ ಈ ಫಾರಮ್ಮಿನಲ್ಲಿ ಜಾಗ ಇಲ್ಲ.’

‘ಪಕ್ಕದಲ್ಲಿ ಇಷ್ಟು ಖಾಲಿ ಇದೆಯಲ್ಲ.’

‘ಅದು ಮೊಹರು ಹಾಕೋ ಜಾಗ. ಅದೂ ಅಲ್ದೆ ಡಾಕ್ಟ್ರು ಬರೆದಿದ್ದನ್ನ ನಾವು ತಿದ್ದೋ ಹಾಗಿಲ್ಲ. ನಿಮ್ಮ ಹಿಂದೆ ಜನ ನಿಂತಿದ್ದಾರೆ.’

ಆಸ್ಪತ್ರೆಗೆ ಹೋದೆವು. ಸಹಿ ಹಾಕಿದ್ದ ಡಾಕ್ಟರ್ ಆರ್ಸೆ ಎಂಬಾಕೆಯನ್ನು ಬೇರೆ ಊರಿನ ಶಿಬಿರಕ್ಕೆ ಕಳಿಸಿದ್ದರು. ಯಾವಾಗ ಬರುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಮನೆಯ ಮುಂದೆ ಇಳಿಯುವಾಗ ರಮೊನಿತಾ ಆ ವಾಲಿದ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಹಳೇ ಜಗಳವಿರುವವರನ್ನು ನೋಡುವ ಹಾಗೆ.

ಮಾರನೆಯ ಬೆಳಗ್ಗೆ ಟಕ್ ಟಕ್ ಸದ್ದಿಗೆ ಹೊರಗೆ ಬಂದೆ. ರಮೊನಿತಾ ಸಿಂದೊ ಅವರ ತಗಡು ಕತ್ತರಿಯಿಂದ ಬಿದ್ದ ಮಾಡಿನ ಒಂದು ಅಂಗೈಯಗಲದ ಚೂರನ್ನು ಕತ್ತರಿಸಿ, ಹಿತ್ತಲಲ್ಲಿ ಉಳಿದಿದ್ದ ಕಿಟಕಿಯ ಹಸಿರು ಬಣ್ಣದಲ್ಲಿ ಅದರ ಮೇಲೆ ಏನೋ ಬರೆದು, ಕಂಬಕ್ಕೆ ಮೊಳೆ ಹೊಡೆಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ಒಂದು ಪೆಟ್ಟಿಗೆ, ಅದಕ್ಕೊಂದು ಬಾಲ. ಬಾಲದ ತುದಿ ಎಲ್ಲಿಗೂ ಸೇರಿರಲಿಲ್ಲ. ಕೆಳಗೆ ಇಪ್ಪತ್ತಮೂರು ಎಂಬ ಅಂಕಿ. ಕರೆಂಟು ಹೋಗಿ ಅಂದಿಗೆ ಇಪ್ಪತ್ತಮೂರು ದಿನ.

‘ಇಲಿನಾ ಡೋನ್ಯಾ?’

‘ಮಷೀನು ಕಣೋ. ಪ್ಲಗ್ ಕಿತ್ತಿರೋ ಮಷೀನು.’

ಮರುದಿನ ಇನ್ನೊಂದು ತಗಡು. ಅದರಲ್ಲಿ ಒಂದು ಡಬ್ಬ, ಡಬ್ಬದ ಮೇಲೆ ತಲೆಯಿಟ್ಟು ಮಲಗಿದ ಮನುಷ್ಯ. ಅದು ನಾನೇ; ಕ್ಯೂನಲ್ಲಿ ನಿದ್ದೆ ಹೋದದ್ದನ್ನು ಅವರಿಗೆ ಹೇಳಿದ್ದೆ. ಎರಡು ದಿನ ಅವರ ಎದುರಿಗೆ ಬರಲಿಲ್ಲ. ಮೂರನೆಯ ದಿನ ಅವರೇ ಕಾಫಿ ಹಿಡಿದು ರಸ್ತೆ ದಾಟಿ ಬಂದರು.

‘ನನ್ನ ಮೇಲೆ ಸಿಟ್ಟಿದೆಯಾ?’ ಎಂದು ಕೇಳಿಯೇಬಿಟ್ಟೆ.

‘ನಿನ್ನ ಮೇಲೆ ಸಿಟ್ಟಿದ್ದಿದ್ರೆ ನಿನ್ನ ಬಾಗಿಲಿಗೇ ಮೊಳೆ ಹೊಡೀತಿದ್ದೆ. ಕಂಬಕ್ಕೆ ಯಾಕೆ ಹೊಡೀಲಿ? ಹನ್ನೊಂದು ಗಂಟೆ ನಿನ್ನ ನಿಲ್ಲಿಸಿದ್ದು ಯಾರು, ಅದನ್ನ ಬರೆದಿದ್ದೀನಿ. ಕುಡಿ, ಆರತ್ತೆ.’

ಹಾಗೆ ಶುರುವಾಯಿತು. ಬೆಳಗ್ಗೆ ಕಾಫಿಯಾದ ಮೇಲೆ ಒಂದು ತಗಡು. ಹತ್ತು ಗಂಟೆಯೊಳಗೆ ಮುಗಿಯಬೇಕು. ಚೆನ್ನಾಗಿ ಬರಲಿ, ಕೆಡಲಿ, ಅಂದಿನದು ಅಂದೇ ಕಂಬಕ್ಕೆ. ತಿದ್ದುವಂತಿಲ್ಲ, ತೆಗೆಯುವಂತಿಲ್ಲ. ಬರೆಯುತ್ತಿದ್ದದ್ದು ಹಿಂದಿನ ದಿನ ಕಣ್ಣಿಗೆ ಬಿದ್ದದ್ದನ್ನು. ಎಲೆಯೇ ಇಲ್ಲದ ದೀವಿಹಲಸಿನ ಮರ. ಸೈನ್ಯದವರು ಹಂಚಿದ ಬಿಸ್ಕತ್ತಿನ ಪೊಟ್ಟಣ. ನೀಲಿ ತಾರ್ಪಾಲಿನ ಕೆಳಗೆ ಸ್ನಾನ ಮಾಡುತ್ತಿರುವ ನನ್ನ ತಾಯಿ; ಅದಕ್ಕೆ ನನ್ನ ತಾಯಿ ಒಂದು ವಾರ ಅವರೊಡನೆ ಮಾತು ಬಿಟ್ಟಿದ್ದಳು. ಬಣ್ಣವೆಂದರೆ ಮನೆಮನೆಗಳಲ್ಲಿ ಡಬ್ಬದ ತಳಕ್ಕೆ ಉಳಿದದ್ದು. ಹಾಗಾಗಿ ನಮ್ಮ ಆಕಾಶ ಕೆಲವು ದಿನ ಗುಲಾಬಿ, ಕೆಲವು ದಿನ ಇಗರ್ಜಿಯ ಬಾಗಿಲಿನ ಕಂದು.

ತಿರುವಿನಲ್ಲಿ ಕಾಫಿ ಅಂಗಡಿ ಇಟ್ಟಿರುವ ಚಾಗೊ ದಿನಾ ಬಂದು ಪರೀಕ್ಷೆ ಮಾಡುತ್ತಿದ್ದ.

‘ಇವತ್ತಿನ ನಾಯಿ ಚೆನ್ನಾಗಿದೆ ಡೋನ್ಯಾ.’

‘ಅದು ಹುಂಜ.’

‘ನಾಲ್ಕು ಕಾಲಿದೆಯಲ್ಲ?’

‘ಎರಡು ಕಾಲು, ಎರಡು ನೆರಳು. ನಿನ್ನ ಅಂಗಡಿ ಕಾಫೀಲೂ ಎರಡು ಪಾಲು ನೀರು ಒಂದು ಪಾಲು ನೆರಳು, ನಾನೇನಾದ್ರೂ ಕೇಳಿದ್ದೀನಾ?’

ನಾನು ಎದುರು ಮನೆಯವನು, ಅದಕ್ಕೇ ಇದನ್ನು ಹೇಳಬಲ್ಲೆ: ಸಿಂದೊ ಹೋದ ಮೊದಲ ದಿನಗಳಲ್ಲಿ ಅವರ ಒಲೆ ಹೊತ್ತುತ್ತಿರಲಿಲ್ಲ. ನನ್ನ ತಾಯಿ ಕಳಿಸಿದ ತಟ್ಟೆ ಹಾಗೇ ವಾಪಸು ಬರುತ್ತಿತ್ತು. ಅನ್ನ ಬಿಟ್ಟವರಿಗೆ ಅಡ್ಡ ನಿಲ್ಲುತ್ತಿದ್ದವರೇ ಅನ್ನ ಬಿಡುತ್ತಿದ್ದರು. ತಗಡು ಶುರುವಾದ ಎರಡನೆಯ ವಾರ ಅವರ ಹಿತ್ತಲಿನಿಂದ ಹೊಗೆ ಎದ್ದಿತು. ಬಾಳೆಕಾಯಿ ಸುಡುತ್ತಿದ್ದರು. ‘ಬೆಳಗ್ಗೆ ಕೈ ನಡುಗಿದ್ರೆ ತಗಡು ಸೊಟ್ಟ ಆಗತ್ತೆ, ಅದಕ್ಕೆ ತಿಂತಿದ್ದೀನಿ,’ ಎಂದರು, ಯಾರಿಗೋ ಉತ್ತರ ಕೊಡಬೇಕಾದವರ ಹಾಗೆ.

ಮೂರು ತಿಂಗಳಲ್ಲಿ ಕಂಬ ಸೊಂಟದೆತ್ತರದಿಂದ ಏಣಿ ಎಟುಕುವವರೆಗೂ ತುಂಬಿತು. ಗಾಳಿ ಬೀಸಿದರೆ ಕಿಣಿಕಿಣಿ ಎನ್ನುತ್ತಿತ್ತು. ಆಗ ಪುರಸಭೆಯಿಂದ ಒಬ್ಬ ಹೆಣ್ಣುಮಗಳು ಕ್ಯಾಮೆರಾದವನ ಜೊತೆ ಬಂದಳು. ಒಳ್ಳೆಯ ಹುಡುಗಿ, ಕಾಲಿಗೆ ಕೆಸರಿನ ಬೂಟು, ನಿದ್ದೆಗೆಟ್ಟ ಕಣ್ಣು. ಇದಕ್ಕೆ ‘ಭರವಸೆಯ ಕಂಬ’ ಎಂದು ಹೆಸರಿಟ್ಟು, ಒಂದು ಫಲಕ ಹಾಕಿ, ಸಣ್ಣ ಸಮಾರಂಭ ಮಾಡುತ್ತೇವೆ ಎಂದಳು. ಬ್ಯಾಂಡು ಕೂಡ ಬರುತ್ತದಂತೆ.

‘ಭರವಸೆ ಅಂತ ನಿನಗೆ ಯಾರು ಹೇಳಿದ್ರು ಮಗಳೇ?’

‘ಇಷ್ಟು ಕಷ್ಟದಲ್ಲೂ ನೀವು ದಿನಾ ಚಿತ್ರ ಬರೀತೀರಲ್ಲ. ನಮ್ಮ ಜನ ಎಷ್ಟು ಗಟ್ಟಿ ಅಂತ ತೋರಿಸತ್ತೆ ಇದು.’

ರಮೊನಿತಾ ಕುಂಚವನ್ನು ಡಬ್ಬದ ಅಂಚಿಗೆ ಒರೆಸಿಟ್ಟರು. ‘ನಾವು ಗಟ್ಟಿ ಅಂತ ಹೇಳಿದ್ರೆ ಇನ್ನೂ ಆರು ತಿಂಗಳು ಕತ್ತಲಲ್ಲಿ ಬಿಡ್ತೀರಿ. ನಾನು ಗಟ್ಟಿ ಇಲ್ಲ. ನನಗೆ ಸಿಟ್ಟು ಬಂದಿದೆ. ಫಲಕ ಹಾಕೋದಾದ್ರೆ ಹಾಗೆ ಬರೆಸು: ಇಲ್ಲಿ ಒಬ್ಬ ಮುದುಕಿಗೆ ಸಿಟ್ಟು ಬಂದಿದೆ, ಯಾಕೆ ಅಂತ ಕೇಳಿ. ಬ್ಯಾಂಡು ಬೇಡ.’

ಹುಡುಗಿ ನನ್ನ ಮುಖ ನೋಡಿದಳು. ನಾನು ವ್ಯಾನಿನ ಟೈರು ನೋಡಿದೆ. ಮಾರನೆಯ ದಿನದ ತಗಡಿನಲ್ಲಿ ಬೂಟು ಹಾಕಿದ ಹುಡುಗಿಯೂ ಒಂದು ಖಾಲಿ ಫಲಕವೂ ಇದ್ದವು. ಕ್ಯಾಮೆರಾದವನಿಗೆ ಜಾಗ ಸಾಲಲಿಲ್ಲವಂತೆ.

ನೂರ ಅರವತ್ತಮೂರನೆಯ ದಿನ ಕರೆಂಟಿನವರು ಗುಡ್ಡ ಹತ್ತಿದರು. ಇಡೀ ಊರು ರಸ್ತೆಗೆ ಬಂತು. ಚಾಗೊ ಎಲ್ಲರಿಗೂ ಬಿಟ್ಟಿ ಕಾಫಿ ಕೊಟ್ಟ, ಅದೂ ನೀರು ಕಡಿಮೆ. ಮೇಸ್ತ್ರಿ ಕಂಬವನ್ನು ಒದ್ದು ನೋಡಿ, ಬುಡ ಕೊಳೆತಿದೆ, ಕಿತ್ತು ಹೊಸದು ನೆಡಬೇಕು, ತಗಡೆಲ್ಲ ತೆಗೆಯಿರಿ ಎಂದ.

ರಮೊನಿತಾ ಒಳಗೆ ಹೋಗಿ ಕುರ್ಚಿ ತಂದು ಕಂಬಕ್ಕೆ ಬೆನ್ನು ಕೊಟ್ಟು ಕೂತರು.

‘ಮೊದಲು ನನ್ನ ಗಂಡನ ಕಾಗದ ಸರಿಯಾಗಲಿ. ಆಮೇಲೆ ಕಂಬ.’

‘ಅಮ್ಮ, ನಾನು ಕಂಬ ನೆಡೋನು. ನನಗೂ ಕಾಗದಕ್ಕೂ ಏನು ಸಂಬಂಧ?’

‘ನಿಮ್ಮ ಮೇಲಿನವರಿಗೆ ಹೇಳಿ. ಅವರ ಮೇಲಿನವರಿಗೆ ಅವರು ಹೇಳಲಿ.’

ಒಂದು ಗಂಟೆ ಕಳೆಯಿತು. ಎರಡಾಯಿತು. ಮೇಸ್ತ್ರಿ ಗಡಿಯಾರ ನೋಡಿ, ಇವತ್ತು ಆಗದಿದ್ದರೆ ಲಾರಿ ಬೇರೆ ಗುಡ್ಡಕ್ಕೆ ಹೋಗುತ್ತದೆ, ಮತ್ತೆ ನಿಮ್ಮ ಸರದಿ ಯಾವಾಗಲೋ ಎಂದ. ಜನರ ಮುಖ ಬಿಗಿಯಾಯಿತು. ಯಾರೂ ಬಾಯಿಬಿಡಲಿಲ್ಲ. ಅಲ್ಲಿದ್ದವರೆಲ್ಲ ಅವರ ಕೈಯ ಅನ್ನ ಉಂಡವರೇ.

ಬಾಯಿಬಿಟ್ಟವನು ನಾನು. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಐದು ತಿಂಗಳಿಂದ ಅವಳ ಇನ್ಸುಲಿನ್ನನ್ನು ಮಂಜುಗಡ್ಡೆಯಲ್ಲಿಟ್ಟು ಕಾಯುತ್ತಿದ್ದೆ. ಮಂಜುಗಡ್ಡೆ ಸಿಗದ ದಿನ ಬಾವಿಯ ನೀರಿಗೆ ಇಳಿಬಿಡುತ್ತಿದ್ದೆ.

‘ಡೋನ್ಯಾ, ಏಳಿ,’ ಎಂದೆ.

‘ನೀನಾ ಹೇಳ್ತಿರೋದು?’

‘ನಾನೇ. ನಮ್ಮಮ್ಮನ ಔಷಧಿ ಹಾಳಾಗ್ತಿದೆ. ಅವಳು ಹೋದ್ರೆ ಅವಳ ಕಾಗದದಲ್ಲೂ ಸಹಜ ಅಂತಲೇ ಬರೀತಾರೆ. ಆಗ ನಾನು ಯಾವ ಕಂಬಕ್ಕೆ ಮೊಳೆ ಹೊಡೀಲಿ? ನಿಮಗೆ ಹೊಡೀಲಾ?’

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ರಮೊನಿತಾ ನನ್ನನ್ನು ನೋಡಿದರು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ ನನ್ನ ತಾಯಿಯನ್ನು ನೋಡಿದರು. ಆಮೇಲೆ ಎದ್ದು, ಸುತ್ತಿಗೆಯ ಹಿಂಬದಿಯಿಂದ ಮೊದಲ ಮೊಳೆ ಕಿತ್ತರು.

‘ನಿಂತು ನೋಡ್ತೀರೇನು? ಏಣಿ ತನ್ನಿ. ಒಂದು ತಗಡು ಬಗ್ಗಿದ್ರೂ ನೋಡಿ ಮತ್ತೆ.’

ಇಡೀ ಊರು ಸೇರಿ ನೂರ ನಲವತ್ತು ತಗಡುಗಳನ್ನು ಕಿತ್ತು ಅಕ್ಕಿ ಚೀಲಗಳಲ್ಲಿ ತುಂಬಿತು. ಸಂಜೆ ಐದಕ್ಕೆ ಕರೆಂಟು ಬಂತು. ಮನೆಮನೆಯಲ್ಲೂ ಕೂಗು, ರೇಡಿಯೊ, ಅಳು. ನನ್ನ ತಾಯಿ ಫ್ರಿಜ್ಜಿನ ಬಾಗಿಲು ತೆಗೆದು, ಅದರ ಒಳಗಿನ ದೀಪವನ್ನು ನೋಡುತ್ತ ನಿಂತುಬಿಟ್ಟಳು. ರಮೊನಿತಾ ಅವತ್ತು ಒಂದು ಸ್ವಿಚ್ಚೂ ಹಾಕಲಿಲ್ಲ. ಅವರು ಸೋತರು ಎಂದುಕೊಂಡೆ. ಸೋಲಿಸಿದವನು ನಾನು ಎಂದೂ ಅಂದುಕೊಂಡೆ.

ಮರುದಿನ ಬೆಳಗ್ಗೆ ಏಳಕ್ಕೆ ವ್ಯಾನಿನ ಬಾಗಿಲ ಬಳಿ ನಿಂತಿದ್ದರು. ಇಗರ್ಜಿಗೆ ಉಡುವ ಬಟ್ಟೆ, ಕೈಯಲ್ಲಿ ಒಂದು ತಗಡು, ಒಂದು ಸುರುಳಿ ತಂತಿ.

‘ಕಂಬ ನಿಮಗೆ ಬಿಟ್ಟೆ. ಕಚೇರಿಗೆ ಬೇಲಿ ಇದೆಯಲ್ಲ?’

ನೋಂದಣಿ ಕಚೇರಿಗೆ ನಿಜಕ್ಕೂ ಒಂದು ಉದ್ದನೆಯ ಕಬ್ಬಿಣದ ಜಾಲರಿ ಬೇಲಿ ಇತ್ತು. ಅದಕ್ಕೆ ತಗಡು ಕಟ್ಟಿದರು. ಅದರಲ್ಲಿ ಹೊಸ ಕಂಬ, ಅದರ ಕೆಳಗೆ ಒಂದು ಖಾಲಿ ಕುರ್ಚಿ. ಕಾವಲುಗಾರ ಬಂದ.

‘ಸರ್ಕಾರಿ ಬೇಲಿಗೆ ಏನೂ ಕಟ್ಟೋ ಹಾಗಿಲ್ಲ ಅಜ್ಜಿ.’

‘ಬಿಚ್ಚು ಹಾಗಾದ್ರೆ. ಅದು ನಿನ್ನ ಕೆಲಸ. ಕಟ್ಟೋದು ನನ್ನ ಕೆಲಸ.’

ಅವನು ಬಿಚ್ಚಿದ. ಮರುದಿನ ಅವರು ಎರಡು ಕಟ್ಟಿದರು, ನಿನ್ನೆಯದು ಮತ್ತು ಇವತ್ತಿನದು. ಹೀಗೆ ಒಂದು ವಾರ ನಡೆಯಿತು. ಎಂಟನೆಯ ದಿನ ಅವನು ತನ್ನ ಪಾಡಿಗೆ ಗೇಟಿನ ಇನ್ನೊಂದು ಕಡೆಗೆ ಹೋಗಿ ನಿಂತ. ‘ಮಂಡಿ ನೋವು ಅಜ್ಜಿ, ಬಗ್ಗೋಕಾಗ್ತಿಲ್ಲ,’ ಎಂದ. ಅವನಿಗೆ ಮೂವತ್ತೂ ಆಗಿರಲಿಲ್ಲ.

ಆ ಕಚೇರಿಯ ಮುಂದೆ ದಿನಾ ಕ್ಯೂ ಇರುತ್ತಿತ್ತು. ಕ್ಯೂನಲ್ಲಿ ನಿಂತವರು ತಗಡು ನೋಡಿ ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಒಬ್ಬ ಹೆಂಗಸಿನ ತಮ್ಮ ಡಯಾಲಿಸಿಸ್ ಸಿಗದೆ ಸತ್ತಿದ್ದ. ಇನ್ನೊಬ್ಬ ಮುದುಕನ ಹೆಂಡತಿಯನ್ನು ಹೊಳೆ ದಾಟಿಸಲಾಗದೆ ಅಂಬುಲೆನ್ಸು ವಾಪಸು ಹೋಗಿತ್ತು. ಎಲ್ಲರ ಕಾಗದದಲ್ಲೂ ಅದೇ ಒಂದು ಪದ. ನಮ್ಮವರದೂ ಬರೆದುಕೊಡಿ ಎಂದು ಬೇಡಿಕೊಂಡರು.

‘ನಾನು ಬರೆಯಲ್ಲ,’ ಎಂದರು ರಮೊನಿತಾ. ‘ನಿನ್ನ ತಮ್ಮನ ಮುಖ ನಾನು ನೋಡಿದ್ದೀನಾ? ತಗೋ ತಗಡು, ತಗೋ ಕುಂಚ. ನೀನೇ ಬರಿ.’

‘ನನಗೆ ಬರಲ್ಲ ಡೋನ್ಯಾ.’

‘ನನಗೇನು ಬರತ್ತಾ? ಅಲ್ಲಿ ನೋಡು, ಅದು ನನ್ನ ಗಂಡ. ಬದನೆಕಾಯಿ ಹಾಗಿದ್ದಾರೆ. ಆದ್ರೂ ಅವರೇ.’

ಆಮೇಲೆ ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ದಿನಾ ಒಂದು ಚೀಲ ಕತ್ತರಿಸಿದ ತಗಡು ಪೇಟೆಗೆ ಇಳಿಯತೊಡಗಿತು. ನಾನೂ ಕತ್ತರಿಸಿದೆ, ಚಾಗೊನೂ ಕತ್ತರಿಸಿದ. ಮೇ ತಿಂಗಳ ಹೊತ್ತಿಗೆ ಬೇಲಿಯ ಜಾಲರಿ ಕಾಣುತ್ತಿರಲಿಲ್ಲ. ಒಳಗೆ ಕೆಲಸ ಮಾಡುವವರು ಬೆಳಗ್ಗೆ ತಲೆ ತಗ್ಗಿಸಿಕೊಂಡು ಬೇಗಬೇಗ ಹೋಗುತ್ತಿದ್ದರು. ಪುರಸಭೆಯವರು ಎರಡು ಸಲ ಎಲ್ಲವನ್ನೂ ಕಿತ್ತು ಲಾರಿಗೆ ಹಾಕಿದರು. ಎರಡು ಸಲವೂ ಬೂಟಿನ ಹುಡುಗಿ ಆ ಚೀಲಗಳನ್ನು ಸದ್ದಿಲ್ಲದೆ ನನ್ನ ವ್ಯಾನಿಗೆ ತಂದುಹಾಕಿದಳು.

ಡಾಕ್ಟರ್ ಆರ್ಸೆ ಬಂದದ್ದು ಜೂನಿನಲ್ಲಿ. ನಲವತ್ತರ ಹೆಂಗಸು, ತಲೆ ಪೂರ್ತಿ ನೆರೆತಿತ್ತು. ಬೇಲಿಯನ್ನು ಈ ತುದಿಯಿಂದ ಆ ತುದಿವರೆಗೆ ನೋಡಿಕೊಂಡು ಬಂದು ರಮೊನಿತಾ ಅವರ ಮುಂದೆ ನಿಂತಳು.

‘ನಿಮ್ಮ ಯಜಮಾನರ ಕಾಗದಕ್ಕೆ ಸಹಿ ಹಾಕಿದ್ದು ನಾನು.’

ರಮೊನಿತಾ ತಂತಿ ಸುತ್ತುತ್ತಿದ್ದವರು ಸುತ್ತುತ್ತಲೇ ಇದ್ದರು. ‘ಅವರನ್ನ ನೋಡಿದ್ರಾ ನೀವು?’

‘ಇಲ್ಲ. ಆ ವಾರ ಶವಾಗಾರದಲ್ಲೂ ಕರೆಂಟಿರಲಿಲ್ಲ. ಟಾರ್ಚು ಹಿಡಿದು ಒಂದೇ ಕೂತಲ್ಲಿ ಮೂವತ್ತೋ ನಲವತ್ತೋ ಕಾಗದಕ್ಕೆ ಸಹಿ ಹಾಕಿದೆ. ಬೇಗ ಹೂಳಬೇಕು ಅಂತ ಮನೆಯವರು ಅಳ್ತಾ ನಿಂತಿದ್ರು. ಎಲ್ಲದಕ್ಕೂ ಅದೇ ಬರೆದೆ.’

ನಾನು ಜಗಳ ಆಗುತ್ತದೆ ಎಂದುಕೊಂಡೆ. ರಮೊನಿತಾ ಪಕ್ಕದಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ, ಕೂತುಕೋ ಎಂದು ಕೈ ತೋರಿಸಿದರು.

‘ಊಟ ಆಯ್ತಾ?’

‘ಇಲ್ಲ.’

ತಮ್ಮ ಡಬ್ಬಿ ಬಿಚ್ಚಿ ಅರ್ಧ ಕೊಟ್ಟರು. ಒಣಮೀನು, ಬೇಯಿಸಿದ ಬಾಳೆಕಾಯಿ. ಡಾಕ್ಟರು ತಿನ್ನುತ್ತಿರುವಾಗ ರಮೊನಿತಾ ಹೇಳಿದರು: ‘ಕ್ಷಮಿಸಿದೀನಿ ಅಂದ್ಕೋಬೇಡಿ. ಹೊಟ್ಟೆ ಹಸಿದವರ ಹತ್ರ ನಾನು ಜಗಳ ಆಡಲ್ಲ, ಅಷ್ಟೆ. ತಿಂದಾದ ಮೇಲೆ ಒಳಗೆ ಬನ್ನಿ. ಸರಿಯಾಗಿ ಬರೀರಿ. ನನ್ನ ಗಂಡಂದು ಮಾತ್ರ ಅಲ್ಲ, ಆ ನಲವತ್ತೂ.’

ಡಾಕ್ಟರು ಬರೆದಳು. ಒಂದೇ ದಿನದಲ್ಲಿ ಅಲ್ಲ. ಕಡತ ಹುಡುಕಬೇಕಿತ್ತು, ಮನೆಮನೆಗೆ ಹೋಗಿ ಕೇಳಬೇಕಿತ್ತು. ನನ್ನ ವ್ಯಾನಿನಲ್ಲೇ ಹೋದಳು. ಮೇಲಿನವರು ಮೊದಲು ಬಯ್ದರು, ಆಮೇಲೆ ಒಪ್ಪಿದರು. ಒಪ್ಪಲಿಕ್ಕೆ ಅವರಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆ ವರ್ಷ ಇಡೀ ದ್ವೀಪವೇ ಸತ್ತವರನ್ನು ಎಣಿಸಿ ಎಂದು ಕೂಗುತ್ತಿತ್ತು. ನವೆಂಬರಿನಲ್ಲಿ ಸಿಂದೊ ಅವರ ಹೊಸ ಕಾಗದ ಬಂತು. ಕೌಂಟರಿನವನು ಎದ್ದು ನಿಂತು ಕೊಟ್ಟ. ರಮೊನಿತಾ ಕನ್ನಡಕ ಮರೆತಿದ್ದರು. ನಾನು ಓದಿ ಹೇಳಿದೆ: ‘ಚಂಡಮಾರುತದ ನಂತರ ವಿದ್ಯುತ್ ಇಲ್ಲದೆ ಆಮ್ಲಜನಕ ಯಂತ್ರ ನಿಂತದ್ದರಿಂದ.’

‘ಇನ್ನೊಂದ್ಸಲ ಓದು.’

ಓದಿದೆ. ಅವರು ಕೌಂಟರನ್ನು ಎರಡೂ ಕೈಯಿಂದ ಹಿಡಿದುಕೊಂಡರು.

‘ಹೆಸರು ಓದು.’

ಓದಲು ಹೋಗಿ ತಡವರಿಸಿದೆ. ಗುಮೆರ್ಸಿಂದೊ ಎಂದಿರಬೇಕಾದ ಕಡೆ ಗುಮೆಸಿಂದೊ ಎಂದಿತ್ತು. ಹೇಳದೆ ಬಿಡೋಣವೇ ಅನ್ನಿಸಿತು. ಮುಖ ನೋಡಿಯೇ ಅವರಿಗೆ ಗೊತ್ತಾಯಿತು.

‘ಒಂದಕ್ಷರ ಬಿಟ್ಟುಹೋಗಿದೆ,’ ಎಂದೆ.

ಕಾಗದವನ್ನು ಕೌಂಟರಿನವನ ಕಡೆಗೆ ಮೆಲ್ಲಗೆ ತಳ್ಳಿದರು. ‘ಇದು ಯಾರಪ್ಪ? ನಾನು ಈ ಮನುಷ್ಯನ್ನ ಮದುವೆ ಆಗಿಲ್ಲ.’

ಅದು ಸರಿಯಾಗಲು ಇನ್ನೂ ಮೂರು ವಾರ ಹಿಡಿಯಿತು. ಆ ಮೂರು ವಾರ, ಒಂದು ದಿನವೂ ತಪ್ಪದೆ, ಸಿಂದೊ ಅವರ ಹೆಸರಿನ ಒಂದೊಂದೇ ಅಕ್ಷರವನ್ನು ತಗಡಿನ ತುಂಬ ದಪ್ಪಗೆ ಬರೆದು ಬೇಲಿಗೆ ಕಟ್ಟಿದರು. ಹೆಸರು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದರು.

ಸರಿಯಾದ ಕಾಗದ ಕೈಗೆ ಬಂದ ಮರುದಿನ ಬೆಳಗ್ಗೆ, ಇನ್ನು ಪೇಟೆಗೆ ಬರುವುದಿಲ್ಲವೇನೋ ಎಂದು ವ್ಯಾನು ಚಾಲೂ ಮಾಡಿಕೊಂಡೇ ಎದುರು ಮನೆ ನೋಡುತ್ತಿದ್ದೆ. ಅವರು ಜಗುಲಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ತಗಡು.

‘ಕಾಗದ ಸಿಕ್ತಲ್ಲ ಡೋನ್ಯಾ. ಇನ್ನೂ ಯಾರ ಮೇಲೆ ಸಿಟ್ಟು?’ ಎಂದು ಕಿಟಕಿಯಿಂದ ಕೂಗಿದೆ.

‘ನಿನಗೇನು? ನನ್ನ ಬೆಳಗ್ಗೆ, ನನ್ನ ತಗಡು,’ ಎಂದರು ತಲೆಯೆತ್ತದೆ. ಆಮೇಲೆ ಕೇಳಿದರು: ‘ನಿಂಗೆ ನೆನಪಿದ್ಯಾ ಮಿಂಗೊ, ಅವರು ಮಾಡಿನ ಮೇಲೆ ಕೂತು ಶಿಳ್ಳೆ ಹಾಕ್ತಿದ್ರಲ್ಲ, ಆಗ ಟೋಪಿ ಹಾಕಿರ್ತಿದ್ರಾ, ಇಲ್ವಾ?’

‘ಹಾಕಿರ್ತಿದ್ರು. ಹುಲ್ಲಿನ ಟೋಪಿ, ಅಂಚು ಹರಿದಿತ್ತು.’

ವ್ಯಾನಿನಲ್ಲಿ ಕೂತವರು ತಡವಾಗುತ್ತದೆ ಎಂದು ಗೊಣಗಿದರು. ನಾನು ಎಂಜಿನ್ನು ಆರಿಸಿದೆ. ರಮೊನಿತಾ ಹಳದಿ ಬಣ್ಣದ ಡಬ್ಬದ ಮುಚ್ಚಳವನ್ನು ಚಮಚದಿಂದ ಮೀಟಿ ತೆಗೆದು, ಕುಂಚ ಅದ್ದಿದರು.